ಮಿದುಳು ತೊಳೆದವರು ಯಾರು?

'ಯಾರೋ ಅವನ ತಲೆ ಕೆಡಿಸಿದ್ದಾರೆ' ಎಂದು ಹಳ್ಳಿಗರು ಹೇಳುವುದನ್ನೇ ಪೇಟೆಯವರು 'ಬ್ರೈನ್‌ವಾಶ್ ಮಾಡಿದ್ದಾರೆ' ಎನ್ನುತ್ತಾರೆ. ಈ ಪದದ ಮೂಲ ಚೀನೀ ಭಾಷೆ. ಅಲ್ಲಿ 'ಶೀ' ಎಂದರೆ ತೊಳೆ, 'ನಾವ್' ಎಂದರೆ ಮಿದುಳು. ಕಮ್ಯುನಿಸ್ಟ್ ಸರ್ಕಾರದ 'ವಿಚಾರ ಸುಧಾರಣೆ'ಯನ್ನು ಚೀನೀಯರು ಹೀಗೆ ಕರೆಯುತ್ತಾರೆಂದು ಅಮೆರಿಕದ ಪತ್ರಕರ್ತ ಎಡ್ವರ್ಡ್ ಹಂಟರ್ 1950ರ ಸೆಪ್ಟೆಂಬರ್‌ನಲ್ಲಿ ಬರೆದ. ಇಂಗ್ಲಿಷಿಗೆ ಹೊಸ ಪದವೊಂದು ಸಿಕ್ಕಿತು.

ಅದು ಮನೆಮಾತಾದದ್ದು ಕೊರಿಯಾ ಯುದ್ಧದಿಂದ. 1953ರಲ್ಲಿ ಕದನವಿರಾಮವಾದಾಗ ಎರಡೂ ಕಡೆಯ 22 ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳು ಸ್ವದೇಶಕ್ಕೆ ಮರಳಲು ಒಪ್ಪಲಿಲ್ಲ. ಅವರ ಮನಸ್ಸಿನ ಮಾತು ತಿಳಿಯುವ ಹೊಣೆ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿದ್ದ ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯನವರ ಮೇಲೆ ಬಿತ್ತು.

ಕೊನೆಗೂ ಊರಿಗೆ ಮರಳದೆ ಉಳಿದ ಅಮೆರಿಕನ್ ಸೈನಿಕರು 21 ಮಂದಿ. ಅವರ ಮಿದುಳು ತೊಳೆಯಲಾಗಿದೆ ಎಂದು ಅಮೆರಿಕದಲ್ಲಿ ಹುಯಿಲೆದ್ದಿತು. ಆದರೆ ತಾಯ್ನಾಡು ಒಲ್ಲೆ ಎಂದವರಲ್ಲಿ ಬಹುಪಾಲು ಚೀನಾ ಮತ್ತು ಉತ್ತರ ಕೊರಿಯಾ ಪರ ಹೋರಾಡಿದವರೇ. ಅವರದು ಸ್ವಂತ ಆಯ್ಕೆ ಎಂದು ಅದೇ ಅಮೆರಿಕ ಸಾರಿತು. ವಾಸ್ತವದಲ್ಲಿ ಪಾಠ, ಒತ್ತಡ, ಬೆದರಿಕೆಗಳು ಎರಡೂ ಕಡೆಯ ಶಿಬಿರಗಳಲ್ಲಿ ನಡೆದಿದ್ದವು. ಆ 21 ಮಂದಿಯಲ್ಲಿ ಹೆಚ್ಚಿನವರು ಮುಂದೆ ಊರಿಗೆ ಮರಳಿದರು.

ನಮ್ಮವರು ಅತ್ತ ಹೋದರೆ ಬ್ರೈನ್‌ವಾಶ್, ಅತ್ತಲವರು ಇತ್ತ ಬಂದರೆ ವಿವೇಕ. ಈ ಇಬ್ಬಂದಿತನ ಪದದ ಬೆನ್ನಿಗೆ ಅಂದೇ ಅಂಟಿತು.