ಚೆಂಡು ತಾಗಿದ ಮೇಲೆ: ಹಿರೋಶಿಮಾದ ತಕೇಶಿ ಕೋಬಾ

ಹಿರೋಶಿಮಾ ಎಂದೊಡನೆ ನಮಗೆ ನೆನಪಾಗುವುದು 1945ರ ಆಗಸ್ಟ್ 6. ಆದರೆ ಅಣುಬಾಂಬಿನ ನಂತರವೂ ಆ ನಗರಕ್ಕೆ ಒಂದು ಇತಿಹಾಸವಿದೆ. ಅದರಲ್ಲಿ ಒಂದು ಬೇಸ್‌ಬಾಲ್ ತಂಡಕ್ಕೂ ಅದನ್ನು ಕಟ್ಟಿ ನಿಲ್ಲಿಸಿದ ತಕೇಶಿ ಕೋಬಾರಿಗೂ ದೊಡ್ಡ ಸ್ಥಾನವಿದೆ.

ನಮಗೆ ಕ್ರಿಕೆಟ್ ಹೇಗೋ ಜಪಾನೀಯರಿಗೆ ಬೇಸ್‌ಬಾಲ್ ಹಾಗೆ. ಅಲ್ಲಿನ ಅನೇಕ ತಂಡಗಳಿಗೆ ಪತ್ರಿಕಾ ಸಂಸ್ಥೆಗಳು, ರೈಲ್ವೆ ಕಂಪನಿಗಳೇ ಒಡೆಯರು. 1950ರಲ್ಲಿ ಕಣಕ್ಕಿಳಿದ ಹಿರೋಶಿಮಾ ಕಾರ್ಪ್‌ಗೆ ಅಂತಹ ಶ್ರೀಮಂತ ಒಡೆಯರಿರಲಿಲ್ಲ. ಮರುವರ್ಷವೇ ಹಣವಿಲ್ಲದೆ ತಂಡ ಮುಚ್ಚುವ ಹಂತಕ್ಕೆ ಬಂತು. ಆಗ ಮೈದಾನದ ಬಾಗಿಲಲ್ಲಿ ಮರದ ಪೀಪಾಯಿಗಳನ್ನು ಇಡಲಾಯಿತು. ಗಾಯ ಇನ್ನೂ ಆರದ ಆ ನಗರದ ಜನ ಅದರೊಳಗೆ ಚಿಲ್ಲರೆ ಹಾಕಿ ತಂಡವನ್ನು ಉಳಿಸಿಕೊಂಡರು.

1958ರಲ್ಲಿ ಕೋಬಾ ಈ ತಂಡ ಸೇರಿದರು. ಎರಡನೇ ಮತ್ತು ಮೂರನೇ ಬೇಸ್‌ಗಳ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ ಅವರ ಜಾಗ. 1963ರಲ್ಲಿ ಬ್ಯಾಟಿಂಗ್ ಸರಾಸರಿಯ ಪ್ರಶಸ್ತಿಗಾಗಿ ಜಪಾನಿನ ಅತ್ಯಂತ ಜನಪ್ರಿಯ ಆಟಗಾರ ಶಿಗೆಒ ನಗಾಶಿಮಾರಿಗೆ ಸರಿಸಮವಾಗಿ ಪೈಪೋಟಿ ನೀಡಿದರು. ಋತುವಿನ ಕೊನೆಯಲ್ಲಿ ಒಂದು ಚೆಂಡು ಮುಖಕ್ಕೆ ಅಪ್ಪಳಿಸಿ ದವಡೆ ಮುರಿಯಿತು. ನಗಾಶಿಮಾರ ಸರಾಸರಿ 0.341, ಕೋಬಾರದು 0.339. ಪ್ರಶಸ್ತಿ ಕೈತಪ್ಪಿತು.

ಮೂಳೆ ಕೂಡಿತು, ಭಯ ಹೋಗಲಿಲ್ಲ. ಮೈಯತ್ತ ಬರುವ ಚೆಂಡನ್ನು ಎದುರಿಸುವ ಧೈರ್ಯ ಕುಗ್ಗಿತು. ಹಿಂದಿನ ಬ್ಯಾಟಿಂಗ್ ಮತ್ತೆ ಕಾಣಲಿಲ್ಲ. ಆದರೆ ಅವರ ಕಾಲುಗಳಿಗೆ ಏನೂ ಆಗಿರಲಿಲ್ಲ. ಎದುರಾಳಿಯ ಕಣ್ತಪ್ಪಿಸಿ ಮುಂದಿನ ಬೇಸ್‌ಗೆ ಓಡುವುದನ್ನು ಬೇಸ್ ಕದಿಯುವುದು ಎನ್ನುತ್ತಾರೆ. 1964 ಮತ್ತು 1968ರಲ್ಲಿ ಲೀಗ್‌ನಲ್ಲಿ ಅತಿ ಹೆಚ್ಚು ಬೇಸ್ ಕದ್ದವರು ಕೋಬಾ. 1971ರಲ್ಲಿ ಆಟ ನಿಲ್ಲಿಸಿ, ಬಳಿಕ ಇತರರಿಗೆ ಕಲಿಸತೊಡಗಿದರು.

1972ರಿಂದ ಸತತ ಮೂರು ವರ್ಷ ಕಾರ್ಪ್ ಲೀಗ್‌ನ ಕೊನೆಯ ಸ್ಥಾನದಲ್ಲಿತ್ತು. 1975ರಲ್ಲಿ ಅಮೆರಿಕದ ಜೋ ಲುಟ್ಜ್ ಋತುವಿನ ಆರಂಭದಲ್ಲೇ ಹುದ್ದೆ ತೊರೆದಾಗ ಹೊಣೆ ಕೋಬಾರ ಹೆಗಲಿಗೆ ಬಿತ್ತು. ಅದೇ ಅಕ್ಟೋಬರ್‌ನಲ್ಲಿ ಕಾರ್ಪ್ ಮೊದಲ ಬಾರಿಗೆ ಲೀಗ್ ಗೆದ್ದಿತು. ಅವರ ತರಬೇತಿಯ ಕಠೋರತೆ ಹೆಸರುವಾಸಿ. ಪಿಚರ್ ಆಗಿ ಬಂದಿದ್ದ ಯೋಶಿಹಿಕೊ ತಕಹಾಶಿಯನ್ನು ಅವರು ಎರಡೂ ಕಡೆಯಿಂದ ಬ್ಯಾಟ್ ಬೀಸುವ ಶಾರ್ಟ್‌ಸ್ಟಾಪ್ ಆಗಿ ರೂಪಿಸಿದರು. 1979ರಲ್ಲಿ ಆತ ಸತತ 33 ಪಂದ್ಯಗಳಲ್ಲಿ ಹಿಟ್ ಬಾರಿಸಿ ಜಪಾನಿನ ದಾಖಲೆ ಬರೆದ.

ಅದೇ ವರ್ಷ ಕಿಂಟೆತ್ಸು ವಿರುದ್ಧದ ರಾಷ್ಟ್ರೀಯ ಫೈನಲ್‌ನ ಏಳನೇ ಪಂದ್ಯ. ಕೊನೆಯ ಇನಿಂಗ್ಸ್‌ನಲ್ಲಿ ಕಾರ್ಪ್ 4-3ರಿಂದ ಮುಂದಿತ್ತು. ಆದರೆ ಮೂರೂ ಬೇಸ್‌ಗಳಲ್ಲಿ ಎದುರಾಳಿಗಳಿದ್ದರು, ಒಬ್ಬನೂ ಔಟಾಗಿರಲಿಲ್ಲ. ಚೆಂಡು ಎಸೆಯುತ್ತಿದ್ದ ಯುತಾಕಾ ಎನತ್ಸು, ಬೇರೆ ಪಿಚರ್‌ಗಳು ಸಿದ್ಧರಾಗುತ್ತಿರುವುದನ್ನು ಕಂಡರು. ತನ್ನ ಮೇಲೆ ನಂಬಿಕೆಯಿಲ್ಲವೇ ಎಂದು ನೊಂದರು. ಪಂದ್ಯ ಸಮವಾದರೆ ಮುಂದೇನು ಎಂಬುದು ಕೋಬಾರ ಲೆಕ್ಕ. ಇಬ್ಬರದೂ ತಪ್ಪಲ್ಲ. ಒಬ್ಬನ ಸ್ವಾಭಿಮಾನವನ್ನೂ ಇಡೀ ತಂಡದ ನಾಳೆಯನ್ನೂ ಒಟ್ಟಿಗೆ ಕಾಯುವುದು ಸುಲಭವಲ್ಲ. ಮೊದಲನೇ ಬೇಸ್‌ನಲ್ಲಿದ್ದ ಸಚಿಯೊ ಕಿನುಗಾಸಾ ಬಳಿಗೆ ಬಂದು ಸಮಾಧಾನಪಡಿಸಿದರು. ಎನತ್ಸು ಒಂದೂ ರನ್ ಬಿಟ್ಟುಕೊಡಲಿಲ್ಲ. ಕಾರ್ಪ್ ಮೊದಲ ಬಾರಿಗೆ ರಾಷ್ಟ್ರೀಯ ಚಾಂಪಿಯನ್ ಆಯಿತು. 1980 ಮತ್ತು 1984ರಲ್ಲೂ ಕೋಬಾರ ತಂಡವೇ ಗೆದ್ದಿತು.

2021ರ ನವೆಂಬರ್‌ನಲ್ಲಿ, 85ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಪೆಟ್ಟು ತಿಂದವನಿಗೆ ಕಳೆದುಹೋದದ್ದು ಮರಳಿ ಸಿಗಲೇಬೇಕೆಂದಿಲ್ಲ. ಕೋಬಾರಿಗೂ ಬ್ಯಾಟಿಂಗ್ ಪ್ರಶಸ್ತಿ ಕೊನೆಯವರೆಗೂ ದಕ್ಕಲಿಲ್ಲ. ಉಳಿದ ಶಕ್ತಿಯನ್ನು ಅವರು ಮೊದಲು ಓಟಕ್ಕೆ, ಆಮೇಲೆ ಇತರರ ಏಳಿಗೆಗೆ ಧಾರೆಯೆರೆದರು. ಚಿಲ್ಲರೆ ಕಾಸು ಕೂಡಿಸಿ ತಂಡ ಉಳಿಸಿಕೊಂಡ ಜನರ ಋಣ ಹಾಗೆ ತೀರಿತು.