ಹಮ್ಮಿಂಗ್‌ಬರ್ಡ್ ವೀಕ್ಷಣೆ ಮತ್ತು ಛಾಯಾಗ್ರಹಣ

ಹಮ್ಮಿಂಗ್‌ಬರ್ಡ್‌ಗಳ ಸುಮಾರು 360 ಪ್ರಭೇದಗಳಿವೆ; ಎಲ್ಲವೂ ಅಮೆರಿಕ ಖಂಡಗಳವು. ನಮ್ಮ ಹಿತ್ತಲಿನ ದಾಸವಾಳಕ್ಕೆ ಬರುವ ಸೂರಕ್ಕಿಯನ್ನೇ ಹಲವರು ಹಮ್ಮಿಂಗ್‌ಬರ್ಡ್ ಎನ್ನುವುದುಂಟು. ಮಕರಂದ ಹೀರುವುದೊಂದನ್ನು ಬಿಟ್ಟರೆ ಎರಡಕ್ಕೂ ನಂಟಿಲ್ಲ. ಹಮ್ಮಿಂಗ್‌ಬರ್ಡನ್ನು ಕಾಣಬೇಕೆಂದರೆ ಅಮೆರಿಕ ಖಂಡಗಳಿಗೇ ಹೋಗಬೇಕು. ಆದರೂ ಹತ್ತೊಂಬತ್ತನೆಯ ಶತಮಾನದ ಯುರೋಪು ಅದನ್ನು ಕಂಡದ್ದು ಹೆಚ್ಚಾಗಿ ಸತ್ತ ರೂಪದಲ್ಲಿ. ಬೊಗೊಟಾದಿಂದ ಲಂಡನ್ನಿಗೆ ರಾಶಿರಾಶಿ ಚರ್ಮಗಳು ಬರುತ್ತಿದ್ದವು. ಎಷ್ಟೋ ಹಕ್ಕಿಗಳು ಹೆಂಗಸರ ಟೋಪಿ ಸೇರಿದವು.

ಪಕ್ಷಿತಜ್ಞ ಜಾನ್ ಗೌಲ್ಡ್ (1804–1881) ತನ್ನ ಸಂಗ್ರಹವನ್ನು 1851ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಗಾಜಿನ ಪೆಟ್ಟಿಗೆಗಳಲ್ಲಿಟ್ಟು ತೋರಿಸಿದ. ನೋಡಲು 75,000ಕ್ಕೂ ಹೆಚ್ಚು ಜನ ಬಂದರು. 1849ರಿಂದ 1861ರವರೆಗೆ ಹೊರಬಂದ ಅವನ ಐದು ಸಂಪುಟಗಳಲ್ಲಿ ಕೈಯಿಂದ ಬಣ್ಣ ತುಂಬಿದ 360 ಚಿತ್ರಗಳಿದ್ದವು. ಗರಿಯ ಹೊಳಪು ಮೂಡಲೆಂದು ಬಣ್ಣದಡಿ ಚಿನ್ನದ ರೇಕು ಹಚ್ಚಲಾಗಿತ್ತು. ಆ ಗೌಲ್ಡ್ ಜೀವಂತ ಹಮ್ಮಿಂಗ್‌ಬರ್ಡನ್ನು ಮೊದಲು ಕಂಡದ್ದು 1857ರಲ್ಲಿ, ಫಿಲಡೆಲ್ಫಿಯಾದಲ್ಲಿ. ಆ ಹೊತ್ತಿಗೆ ಅವನ ಕೆಲಸ ಅರ್ಧಕ್ಕೂ ಹೆಚ್ಚು ಮುಗಿದಿತ್ತು.

ಚಿನ್ನದ ರೇಕು ಬೇಕಾದುದಕ್ಕೂ ಕಾರಣವಿದೆ. ಹಕ್ಕಿಯ ಕೊರಳಿನ ಕೆಂಪು, ಹಸಿರು ಬರಿಯ ವರ್ಣದ್ರವ್ಯದ್ದಲ್ಲ. ಗರಿಯೊಳಗಿನ ಸೂಕ್ಷ್ಮ ಪದರಗಳಿಂದ ಬೆಳಕು ಪ್ರತಿಫಲಿಸುವಾಗ ಹುಟ್ಟುವಂಥದ್ದು. ಕೋನ ತಪ್ಪಿದರೆ ಕೊರಳು ಕಪ್ಪಾಗುತ್ತದೆ. ಇನ್ನು ರೆಕ್ಕೆಯೋ, ಕೆಂಗೊರಳಿನ ಪ್ರಭೇದದಲ್ಲಿ ಸೆಕೆಂಡಿಗೆ ಸುಮಾರು 50 ಸಲ ಬಡಿಯುತ್ತದೆ. ಹಳೆಯ ಕ್ಯಾಮೆರಾಕ್ಕೆ ಅದು ಬರೀ ಮಬ್ಬು.

ಈ ತೊಡಕನ್ನು ಬಿಡಿಸಿದ್ದು ಎಂ.ಐ.ಟಿ.ಯ ಎಂಜಿನಿಯರ್ ಹೆರಾಲ್ಡ್ ಎಡ್ಜರ್ಟನ್. ಅವರ ವಿದ್ಯುತ್ ಫ್ಲ್ಯಾಶ್ ಕ್ಷಣದ ತೀರ ಸಣ್ಣ ತುಣುಕಿನಷ್ಟು ಹೊತ್ತು ಮಾತ್ರ ಬೆಳಗುತ್ತಿತ್ತು. ಹಾರುತ್ತಲೇ ನಿಂತ ಹಕ್ಕಿಯ ಒಂದೊಂದು ಗರಿಯೂ ಚಿತ್ರದಲ್ಲಿ ಮೂಡಿತು. ಆದರೆ ಆ ಬೆಳಕನ್ನು ಕಾಡಿಗೆ ಹೊತ್ತೊಯ್ದವರು ಕ್ರಾಫರ್ಡ್ ಗ್ರೀನ್‌ವಾಲ್ಟ್ (1902–1993). ಡುಪಾಂಟ್ ಕಂಪನಿಯ ಅಧ್ಯಕ್ಷರಾಗಿದ್ದುಕೊಂಡೇ ಅವರು ಬಿಡುವಿನಲ್ಲಿ ಭಾರವಾದ ಸಲಕರಣೆಗಳೊಂದಿಗೆ ದಕ್ಷಿಣ ಅಮೆರಿಕ ಸುತ್ತಿದರು. ಬ್ರೆಜಿಲ್‌ನ ಸಾಂಟಾ ತೆರೆಸಾದಲ್ಲಿ 1949ರಲ್ಲಿ ಜೀವಶಾಸ್ತ್ರ ಸಂಗ್ರಹಾಲಯ ಕಟ್ಟಿದ್ದ ಆಗುಸ್ತೊ ರುಸ್ಕಿ ಗ್ರೀನ್‌ವಾಲ್ಟ್‌ರಿಗೆ ನೆರವಾದರು. 1960ರಲ್ಲಿ ಬಂದ ಗ್ರೀನ್‌ವಾಲ್ಟ್‌ರ ಪುಸ್ತಕ ಚಿತ್ರಗಳ ಜೊತೆಗೆ ಹಾರಾಟವನ್ನೂ ಬಣ್ಣದ ಭೌತವಿಜ್ಞಾನವನ್ನೂ ವಿವರಿಸುತ್ತದೆ. ಈ ಇತಿಹಾಸದಲ್ಲಿ ಅದಕ್ಕಿಂತ ದೊಡ್ಡ ತಿರುವಿಲ್ಲ.

ಸಾಮಾನ್ಯ ಪ್ರವಾಸಿಗೆ ದಾರಿ ತೆರೆದದ್ದು ಸಕ್ಕರೆ ನೀರಿನ ಬಾಟಲಿ. ಒಂದು ಪಾಲು ಸಕ್ಕರೆಗೆ ನಾಲ್ಕು ಪಾಲು ನೀರು, ಅಷ್ಟೇ. ಕೆಂಪು ಬಣ್ಣ ಬೆರೆಸಬಾರದು. 1967ರಲ್ಲಿ ಆರಂಭವಾದ ಟ್ರಿನಿಡಾಡ್‌ನ ಏಸಾ ರೈಟ್ ನಿಸರ್ಗ ಕೇಂದ್ರದ ಜಗಲಿ ಹೀಗೆಯೇ ಹೆಸರಾಯಿತು. ಮುಂದೆ ಇಕ್ವಡಾರ್‌ನ ಮಿಂಡೊ, ತಾಂಡಯಾಪ ಕಣಿವೆಗಳ ವಸತಿಗೃಹಗಳು ಛಾಯಾಗ್ರಾಹಕರ ತವರಾದವು. ಮೈಗಿಂತ ಉದ್ದದ ಕೊಕ್ಕಿನ ಕತ್ತಿಕೊಕ್ಕಿನ ಹಮ್ಮಿಂಗ್‌ಬರ್ಡ್ ಇರುವುದು ಆಂಡೀಸ್‌ನ ಇನ್ನೂ ಎತ್ತರದ ಕಾಡುಗಳಲ್ಲಿ.

ಇಂಥ ವಸತಿಗೃಹಗಳಲ್ಲಿ ಬಳಕೆಯಲ್ಲಿರುವ ಒಂದು ವಿಧಾನದಲ್ಲಿ ಬಾಟಲಿ ಸರಿಸಿ, ಹೂವೊಂದನ್ನು ಕ್ಲಿಪ್ಪಿಗೆ ಸಿಕ್ಕಿಸಿ, ಸುತ್ತ ನಾಲ್ಕೈದು ಫ್ಲ್ಯಾಶ್‌ಗಳನ್ನು ಕಡಿಮೆ ಶಕ್ತಿಯಲ್ಲಿಟ್ಟು, ಹಿಂದೆ ಬಣ್ಣದ ಪರದೆ ಕಟ್ಟುತ್ತಾರೆ. ಶಕ್ತಿ ತಗ್ಗಿದಷ್ಟೂ ಮಿಂಚು ಕಿರಿದಾಗಿ ರೆಕ್ಕೆ ಸ್ಫುಟವಾಗಿ ಬೀಳುತ್ತದೆ. ಚಿತ್ರ ಅಚ್ಚುಕಟ್ಟು, ಆದರೆ ಹಕ್ಕಿ ಬದುಕುವ ಕಾಡು ಅದರಲ್ಲಿಲ್ಲ. ಅದಕ್ಕಾಗಿಯೇ ಕೆಲವರು ಫ್ಲ್ಯಾಶ್ ಬಿಟ್ಟು, ಹೂಬಿಟ್ಟ ಗಿಡದ ಎದುರು ಗಂಟೆಗಟ್ಟಲೆ ಕೂರುತ್ತಾರೆ. ಕಪ್ಪಗೆ ಕಂಡ ಕೊರಳು ಹಕ್ಕಿ ತಲೆ ತಿರುಗಿಸಿದೊಡನೆ ಕೆಂಡದಂತೆ ಹೊತ್ತಿಕೊಳ್ಳುವುದು ಅವರ ಕಣ್ಣೆದುರೇ.