ಒಂದೇ ಯಂತ್ರ, ಹಲವು ಮಾರ್ಗಪಟ್ಟಿ

ಮುಂಬಯಿಯ ಚಾಳುಗಳಲ್ಲಿ ಬಾಳಿದವರಿಗೆ ನಾವು ಹೇಳಹೊರಟ ವಿಷಯ ಸುಲಭವಾಗಿ ತಿಳಿದೀತು. ಖೋಲಿ ನಂಬರು 10 ಎಂಬುದು ಎಷ್ಟೋ ಚಾಳುಗಳಲ್ಲಿ ಇರುತ್ತದೆ. ಚಾಳಿನ ಹೆಸರಿಲ್ಲದೆ ಬರಿಯ ಖೋಲಿ ನಂಬರು ಬರೆದ ಕಾಗದ ಬಂದರೆ ಅಂಚೆಯವನು ಅದನ್ನು ಯಾರ ಕೈಗೆ ಕೊಟ್ಟಾನು? ಗಣಕಯಂತ್ರಗಳ ಜಾಲದಲ್ಲಿ ಇದೇ ತೊಡಕು ತಲೆದೋರಿದಾಗ ಹುಟ್ಟಿದ್ದು ವಿ.ಆರ್.ಎಫ್., ಅಂದರೆ ಒಂದೇ ರೂಟರಿನೊಳಗೆ ಹಲವು ಮಾರ್ಗಪಟ್ಟಿಗಳನ್ನು ಒಂದಕ್ಕೊಂದು ಸೋಂಕದಂತೆ ಇಡುವ ವ್ಯವಸ್ಥೆ.

ಮಾರ್ಗಪಟ್ಟಿಯ ಕಲ್ಪನೆ ಇದಕ್ಕಿಂತ ಬಹಳ ಹಳೆಯದು. 1969ರಲ್ಲಿ ಅಮೆರಿಕದ ಅರ್ಪಾನೆಟ್ ಆರಂಭವಾದಾಗ, ಬಿ.ಬಿ.ಎನ್. ಕಂಪನಿಯವರು ಹನಿವೆಲ್ 516 ಗಣಕವನ್ನು ಮಾರ್ಪಡಿಸಿ ‘ಇಂಪ್’ ಎಂಬ ಯಂತ್ರಗಳನ್ನು ಸಿದ್ಧಪಡಿಸಿದರು. ಇಂದಿನ ರೂಟರುಗಳ ಪೂರ್ವಜರು ಇವೇ. ಯಾವ ಕಡೆಗೆ ಯಾವ ತಂತಿಯಿಂದ ಹೋದರೆ ಬೇಗ ತಲುಪೀತು ಎಂಬ ಪಟ್ಟಿಯೊಂದು ಪ್ರತಿ ಇಂಪಿನಲ್ಲೂ ಇತ್ತು. ಅದನ್ನು ಪದೇಪದೇ ನೆರೆಯ ಇಂಪುಗಳಿಗೆ ತಿಳಿಸುತ್ತಿತ್ತು. ನೆರೆಯವರ ಮಾತನ್ನು ನಂಬುವುದೇ ಇದರ ಮೂಲಸೂತ್ರ. 1970ರ ದಶಕದ ಮೊದಲ ಭಾಗದಲ್ಲಿ ಹಾರ್ವರ್ಡಿನ ಇಂಪಿನ ಸ್ಮೃತಿಕೋಶ ಕೆಟ್ಟು, ಎಲ್ಲ ಕಡೆಗೂ ತನ್ನಿಂದ ದೂರ ಸೊನ್ನೆ ಎಂದು ಅದು ಸಾರಿಬಿಟ್ಟಿತು. ಉಳಿದವು ನಂಬಿದವು. ಸಂದೇಶಗಳು ಹಾರ್ವರ್ಡಿನತ್ತ ಹರಿದು ಅಲ್ಲೇ ಇಂಗಿಹೋದವು!

1983ರ ಜನವರಿ 1ರಂದು ಅರ್ಪಾನೆಟ್ ಇಂದಿನ ಇಂಟರ್‌ನೆಟ್ಟಿನ ವಿಳಾಸಪದ್ಧತಿಗೆ ಬದಲಾಯಿತು. ಒಂದೊಂದು ವಿಳಾಸಕ್ಕೆ 32 ಬಿಟ್. ಒಟ್ಟು ಸುಮಾರು 429 ಕೋಟಿ ವಿಳಾಸಗಳು. ಅಕ್ಷಯಪಾತ್ರೆಯಂತೆ ಕಂಡ ಈ ಸಂಗ್ರಹ ಹತ್ತೇ ವರ್ಷಗಳಲ್ಲಿ ಸಾಲದಾಗುವ ಸೂಚನೆ ಕಂಡಿತು. 10 ಎಂಬುದು ಮೊದಲು ಅರ್ಪಾನೆಟ್ಟಿನ ಸ್ವಂತ ಅಂಕೆ. 1990ರಲ್ಲಿ ಆ ಜಾಲ ಮುಚ್ಚಿದ ಮೇಲೆ ಅಂಕೆ ತೆರವಾಯಿತು. 1996ರ ಫೆಬ್ರವರಿಯಲ್ಲಿ ಪ್ರಕಟವಾದ ಆರ್.ಎಫ್.ಸಿ. 1918, 10ರಿಂದ ಮೊದಲಾಗುವ ವಿಳಾಸಗಳನ್ನೂ ಇನ್ನೆರಡು ಗುಂಪುಗಳನ್ನೂ ಯಾರು ಬೇಕಾದರೂ ತಮ್ಮ ಒಳಬಳಕೆಗೆ ಇಟ್ಟುಕೊಳ್ಳಬಹುದೆಂದು ಗೊತ್ತುಪಡಿಸಿತು. ನಮ್ಮಲ್ಲಿ ವಿದೇಶ ಸಂಚಾರ ನಿಗಮವು ಸಾರ್ವಜನಿಕರಿಗೆ ಇಂಟರ್‌ನೆಟ್ ಸೇವೆ ತೆರೆದು (15 ಆಗಸ್ಟ್ 1995) ಆಗಷ್ಟೇ ಆರು ತಿಂಗಳಾಗಿತ್ತು.

ಹೀಗೆ ಎಲ್ಲರ ಮನೆಯಲ್ಲೂ ಖೋಲಿ ನಂಬರು 10 ಆಯಿತು. ತಮ್ಮ ಗೋಡೆಯೊಳಗೆ ಇರುವವರೆಗೆ ಚಿಂತೆಯಿಲ್ಲ. ಆದರೆ ಊರೂರಿಗೆ ಶಾಖೆಗಳಿರುವ ಬ್ಯಾಂಕು ಏನು ಮಾಡಬೇಕು? ಇಪ್ಪತ್ತು ಶಾಖೆಗಳನ್ನು ಪರಸ್ಪರ ನೇರವಾಗಿ ಜೋಡಿಸಲು 190 ಬಾಡಿಗೆ ತಂತಿಗಳು ಬೇಕು. ಟೆಲಿಫೋನ್ ಕಂಪನಿಯ ಒಂದೇ ರೂಟರಿಗೆ ಬ್ಯಾಂಕನ್ನೂ ಪಕ್ಕದ ಕಾರ್ಖಾನೆಯನ್ನೂ ಸೇರಿಸೋಣವೆಂದರೆ, ಇಬ್ಬರ ವಿಳಾಸವೂ ಒಂದೇ. ಬ್ಯಾಂಕಿನ ಲೆಕ್ಕ ಕಾರ್ಖಾನೆಗೆ ಹೋದರೆ ಗತಿಯೇನು?

ಇದಕ್ಕೆ ದಾರಿ ತೋರಿದವರು ಸಿಸ್ಕೊ ಕಂಪನಿಯಲ್ಲಿದ್ದ ಎರಿಕ್ ರೋಸೆನ್ ಮತ್ತು ಯಾಕೊವ್ ರೆಕ್ಟರ್. ಈ ರೆಕ್ಟರ್ ಸಾಮಾನ್ಯರಲ್ಲ. 1989ರಲ್ಲಿ ಟೆಕ್ಸಾಸಿನ ಆಸ್ಟಿನ್ ನಗರದ ಸಭೆಯೊಂದರ ವೇಳೆ, ಊಟದ ಮೇಜಿನಲ್ಲಿ ಕೈಯೊರೆಸುವ ಕಾಗದದ ಮೇಲೆ, ಕರ್ಕ್ ಲೌಹೀಡರೊಡನೆ ಬಿ.ಜಿ.ಪಿ. ನಿಯಮಾವಳಿಯನ್ನು ಗೀಚಿದವರು ಇವರೇ. ಜಾಲಜಾಲಗಳು ಇಂದಿಗೂ ಪರಸ್ಪರ ದಾರಿ ಹೇಳಿಕೊಳ್ಳುವುದು ಆ ನಿಯಮಾವಳಿಯಿಂದಲೇ. 1999ರ ಮಾರ್ಚಿಯಲ್ಲಿ ಇಬ್ಬರೂ ಆರ್.ಎಫ್.ಸಿ. 2547ನ್ನು ಹೊರತಂದರು; 2006ರಲ್ಲಿ 4364 ಅದರ ಸ್ಥಾನಕ್ಕೆ ಬಂತು.

ಉಪಾಯ ಸರಳ. ಗಿರಾಕಿಗೊಂದು ಮಾರ್ಗಪಟ್ಟಿ, ಕಾಗದ ಯಾವ ಬಾಗಿಲಿನಿಂದ ಬಂತೋ ಆ ಬಾಗಿಲಿನ ಪಟ್ಟಿಯನ್ನಷ್ಟೇ ನೋಡುವುದು. ಪಟ್ಟಿಗೆ ಹೆಸರಿಟ್ಟ ಮೇಲೆ ಎರಡು ಗುರುತುಗಳನ್ನು ಬರೆಯಬೇಕು. ಮೊದಲನೆಯದು ಭೇದಕ. ನಾಲ್ಕು ಬೈಟಿನ ವಿಳಾಸದ ಹಿಂದೆ ಎಂಟು ಬೈಟು ಸೇರಿಸಿ ಅದನ್ನು ಹನ್ನೆರಡಾಗಿಸುತ್ತದೆ. ಚಾಳಿನ ಹೆಸರು ಸೇರಿದಂತೆ. ಎರಡನೆಯದು, ಯಾವ ದಾರಿಗಳನ್ನು ಯಾವ ಪಟ್ಟಿ ಒಳಗೆ ಬಿಟ್ಟುಕೊಳ್ಳಬೇಕೆಂಬ ಗುರಿಯ ಗುರುತು. ಹೊಸಬರು ಇವೆರಡನ್ನೂ ಒಂದೇ ಎಂದು ಭಾವಿಸುವುದುಂಟು. ಭೇದಕವು ವಿಳಾಸಗಳನ್ನು ಬೇರೆಯಾಗಿಸುತ್ತದೆ, ಅಷ್ಟೇ. ಹಂಚುವ ಕೆಲಸ ಗುರಿಯದು. ಗುರಿಯ ಅಂಕೆಯೊಂದು ತಪ್ಪಿದರೆ ಇಬ್ಬರು ಗಿರಾಕಿಗಳ ನಡುವಿನ ಗೋಡೆಯಲ್ಲಿ ಬಾಗಿಲು ತೆರೆದಂತೆ, ಯಂತ್ರವೇನೂ ಎಚ್ಚರಿಸದು. ‘ಖಾಸಗಿ ಜಾಲ’ ಎಂಬ ಹೆಸರಿಗೂ ಯಾರೂ ಮರುಳಾಗಬಾರದೆಂದು ನಮ್ಮ ಅಭಿಪ್ರಾಯ. ಇಲ್ಲಿ ಪಟ್ಟಿ ಬೇರೆಯಾಯಿತೇ ಹೊರತು ಕಾಗದಕ್ಕೆ ಲಕೋಟೆ ಬರಲಿಲ್ಲ. ಗುಪ್ತಲಿಪಿ ಬೇಕಾದವರು ಅದನ್ನು ಬೇರೆಯೇ ಏರ್ಪಡಿಸಿಕೊಳ್ಳಬೇಕು.

ಕೊನೆಗೆ ಬಾಗಿಲುಗಳನ್ನು ಪಟ್ಟಿಗೆ ಒಪ್ಪಿಸುವ ಕೆಲಸ. ಇಲ್ಲೊಂದು ಹೆಸರಾಂತ ಹಳ್ಳವಿದೆ. ಸಿಸ್ಕೊ ರೂಟರಿನ ಹಳೆಯ ರೀತಿಯಲ್ಲಿ ಈ ಆಜ್ಞೆ ಕೊಟ್ಟೊಡನೆ ಆ ಬಾಗಿಲಿಗೆ ಮೊದಲೇ ಬರೆದಿದ್ದ ವಿಳಾಸ ಅಳಿಸಿಹೋಗುತ್ತದೆ, ಮತ್ತೆ ಬರೆಯಬೇಕು. ಅದೇ ಬಾಗಿಲಿನ ಮೂಲಕ ದೂರದ ಊರಿನಿಂದ ಕೆಲಸ ಮಾಡುತ್ತಿರುವ ಇಂಜಿನಿಯರು ತಾನು ಕುಳಿತ ಕೊಂಬೆಯನ್ನೇ ಕಡಿದಂತಾಯಿತು. ಯಾರಾದರೂ ರೂಟರಿನ ಬಳಿಗೇ ಹೋಗಬೇಕಾದೀತು.

ದೊಡ್ಡ ಕಂಪನಿಗಳ ಈ ವಿದ್ಯೆ ಕ್ರಮೇಣ ಸಣ್ಣ ಕಚೇರಿಗಳಿಗೂ ಇಳಿಯಿತು. ಅತಿಥಿಗಳ ಜಾಲ ಬೇರೆ, ಲೆಕ್ಕಪತ್ರದ ಜಾಲ ಬೇರೆ ಎಂದು ಇಡಲು ಒಂದೇ ರೂಟರು ಸಾಕಾಯಿತು. 2015ರಲ್ಲಿ ಲಿನಕ್ಸ್ ಕೂಡ ಇದನ್ನು ತನ್ನೊಳಗೆ ಸೇರಿಸಿಕೊಂಡಿತು. ಮಾಮೂಲು ಗಣಕವೊಂದರಲ್ಲೇ ಈಗ ಎರಡು ಪಟ್ಟಿ ತೆರೆದು, ಎರಡಕ್ಕೂ 10ರ ವಿಳಾಸವನ್ನೇ ಕೊಟ್ಟು ನೋಡಬಹುದು.